ಅಕ್ಕಾ, ನೀವ್ಯಾಕ ಎದ್ರಿ?

ಶ್ರೀಲಂಕಾಕ್ಕೆ ಹೋಗುವ ಆಸೆ ಮೊದಲು ಹುಟ್ಟಿದ್ದು ನನಗಲ್ಲ, ನಮ್ಮಪ್ಪನಿಗೆ. ದೇವದುರ್ಗದ ಕಚೇರಿಯೊಂದರಲ್ಲಿ ಜವಾನನಾಗಿದ್ದ ಅವನು ನಿವೃತ್ತಿಗೆ ಮೂರ್ನಾಲ್ಕು ವರ್ಷ ಇರುವಾಗ ರಾಯಚೂರಿಗೆ ಬಂದು ಬೌದ್ಧ ದೀಕ್ಷೆ ತೆಗೆದುಕೊಂಡ. ಅನುರಾಧಪುರದ ಬೋಧಿವೃಕ್ಷದ ಬಗ್ಗೆ ಅಲ್ಲಿ ಯಾರೋ ಹೇಳಿದ್ದು ಅವನ ತಲೆಯಲ್ಲಿ ಕುಳಿತುಬಿಟ್ಟಿತ್ತು. "ಆ ಗಿಡದ ಕೆಳಗ ಒಂದು ತಾಸು ಸುಮ್ನ ಕುಂತು ಬರಬೇಕು ನೋಡವ್ವ" ಎನ್ನುತ್ತಿದ್ದ. ಪಾಸ್‌ಪೋರ್ಟಿಗೆಂದು ಫೋಟೊ ತೆಗೆಸಿದ್ದ. ಅದೇ ಫೋಟೊ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಅವನು ತೀರಿಹೋಗಿ ಏಳು ವರ್ಷವಾದ ಮೇಲೆ, ರಾಯಚೂರಿನ ಕೆಲವು ಶಿಕ್ಷಕರು ಸೇರಿ ಶ್ರೀಲಂಕಾ ಪ್ರವಾಸ ಹೊರಟಿದ್ದಾರೆಂದು ತಿಳಿದಾಗ ನಾನೂ ಹೆಸರು ಬರೆಸಿದೆ. ಗಂಡನಿಗೆ ರಜೆ ಸಿಗಲಿಲ್ಲ. ಅವ್ವನಿಗೆ ಮೊಣಕಾಲು ನೋವು. ಜೊತೆಗೆ ಬಂದವಳು ನನ್ನ ಗೆಳತಿ.

ಈ ಗೆಳತಿಯ ಬಗ್ಗೆ ಹೇಳಲೇಬೇಕು. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ, ಅವಳು ಗಣಿತ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಗಂಡನ ಮನೆಯವರದು ಭತ್ತದ ವ್ಯಾಪಾರ, ಊರಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನೆತನ. ನನಗಿಂತ ಎರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಶಾಲೆಗೆ ಸೇರಿದ ಮೊದಲ ವಾರದಲ್ಲೇ ಒಂದು ಮಧ್ಯಾಹ್ನ, ಕೇಳದೆ ನನ್ನ ಡಬ್ಬಿಗೆ ಕೈಹಾಕಿ, ನಮ್ಮವ್ವ ಕುಟ್ಟಿಕೊಟ್ಟ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ತನ್ನ ರೊಟ್ಟಿಗೆ ಹಚ್ಚಿಕೊಂಡು ತಿಂದಿದ್ದಳು. ಸ್ಟಾಫ್ ರೂಮಿನಲ್ಲಿದ್ದ ಇಬ್ಬರು ಹಿರಿಯ ಶಿಕ್ಷಕಿಯರು ಆಗ ಪರಸ್ಪರ ಮುಖ ನೋಡಿಕೊಂಡಿದ್ದು ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಅಂದಿನಿಂದ ಇಪ್ಪತ್ತು ವರ್ಷ ನಮ್ಮ ಊಟ ಜೋಡಿಯೇ. ಅವಳ ಮನಸ್ಸಿನಲ್ಲಿ ಆ ಹಿಂಡಿಯೊಂದಿಗೆ ಎಲ್ಲ ಮುಗಿದಿತ್ತು. ನಮ್ಮಿಬ್ಬರ ನಡುವೆ ಭೇದವೇನೂ ಇಲ್ಲ, ಇರುವ ಪ್ರಶ್ನೆಯೇ ಇಲ್ಲ. ನಾನೂ ಹಾಗೇ ನಡೆದುಕೊಂಡಿದ್ದೆ.

ಪ್ರವಾಸಕ್ಕೆ ಹದಿನಾಲ್ಕು ಜನ ಹೊರಟೆವು. ಹೆಚ್ಚಿನವರು ನಿವೃತ್ತರು. ಅವರಲ್ಲಿ ಹಿರಿಯರೆಂದರೆ ನಾವೆಲ್ಲ 'ಹೆಡ್ ಮಾಸ್ತರ್' ಎಂದೇ ಕರೆಯುವ ಒಬ್ಬರು, ಹೆಂಡತಿಯೊಂದಿಗೆ ಬಂದಿದ್ದರು.

ಅನುರಾಧಪುರದಲ್ಲಿ ನಾನು ಅಪ್ಪ ಹೇಳಿದಂತೆ ಒಂದು ತಾಸು ಕುಳಿತೆ. ಬಿಳಿ ಬಟ್ಟೆಯುಟ್ಟ ಜನ ಬರಿಗಾಲಲ್ಲಿ ಬರುತ್ತಿದ್ದರು, ಹೂವಿಟ್ಟು ಮರಳಿನ ಮೇಲೆ ಎಲ್ಲೆಂದರಲ್ಲಿ ಕೂರುತ್ತಿದ್ದರು. ಮುದುಕಿಯೊಬ್ಬಳು ತನ್ನ ಚಾಪೆಯಲ್ಲಿ ಸರಿದು, ಅಂಗೈಯಿಂದ ತಟ್ಟಿ, ಇಲ್ಲಿ ಕೂರು ಎಂದು ಸನ್ನೆ ಮಾಡಿದಳು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ. ಅಪ್ಪ ಇದ್ದಿದ್ದರೆ ಅವಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ, ಅವಳಿಗೆ ಅರ್ಥವೂ ಆಗುತ್ತಿತ್ತು ಅನಿಸಿತು. ಎದ್ದು ಬರುವಾಗ ಮನಸ್ಸು ತುಂಬ ಹಗುರಾಗಿತ್ತು.

ಮರುದಿನ ಕ್ಯಾಂಡಿ. ಊರ ನಡುವೆ ಕೆರೆ, ಸುತ್ತ ಗುಡ್ಡ. ನಮ್ಮ ಹೋಟೆಲು ಗುಡ್ಡದ ಇಳಿಜಾರಿನಲ್ಲಿತ್ತು. ಕೋಣೆಯಿಂದ ಕೆರೆ ಕಾಣುತ್ತದೆ ಎಂದು ಪ್ರವಾಸದ ಚೀಟಿಯಲ್ಲಿ ಬರೆದಿತ್ತು. ನಾವು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಪಾಸ್‌ಪೋರ್ಟುಗಳನ್ನು ಒಟ್ಟಿಗೆ ತೆಗೆದುಕೊಂಡು, ಬಾಗಿಲ ಪಕ್ಕದ ಬೆಂಚು ತೋರಿಸಿ ಕೂರಲು ಹೇಳಿದರು. ಕೂತೆವು. ನಮ್ಮ ನಂತರ ಒಂದು ಕಾರು ಬಂತು, ಬಿಳಿಯ ಗಂಡ ಹೆಂಡತಿ ಇಳಿದರು. ಅವರಿಗೆ ಮುಖ ಒರೆಸಿಕೊಳ್ಳಲು ತಣ್ಣನೆಯ ಟವೆಲ್ಲು ಬಂತು, ಉದ್ದನೆ ಗ್ಲಾಸಿನಲ್ಲಿ ಎಳನೀರು ಬಂತು, ಹತ್ತು ನಿಮಿಷದಲ್ಲಿ ಕೀಲಿಯೂ ಬಂತು. ಹೆಡ್ ಮಾಸ್ತರರ ಹೆಂಡತಿ ಎದ್ದು ಹೋಗಿ ಕುಡಿಯುವ ನೀರು ಕೇಳಿದರು. ಮೂಲೆಯಲ್ಲಿದ್ದ ಕ್ಯಾನು ತೋರಿಸಿದರು. ಮುಕ್ಕಾಲು ತಾಸಿನ ಮೇಲೆ ನಮಗೆ ಕೀಲಿ ಸಿಕ್ಕಿತು. ಕೋಣೆಗಳು ಹಿಂಭಾಗದಲ್ಲಿ, ಅಡುಗೆ ಮನೆಯ ಹೊಗೆ ಹೊರಬರುವ ಕಡೆ. ಕಿಟಕಿ ತೆರೆದರೆ ಪಾಚಿ ಹಿಡಿದ ಕಲ್ಲಿನ ಗೋಡೆ.

"ಕೆರಿ ಎಲ್ಲದರೀ ಅಕ್ಕಾ?" ಎಂದಳು ಗೆಳತಿ, ಕಿಟಕಿಯಲ್ಲಿ ಕತ್ತು ಹೊರಳಿಸಿ. ಅವಳು ಅದನ್ನು ಇನ್ನೂ ತಮಾಷೆಯಾಗಿಯೇ ತೆಗೆದುಕೊಂಡಿದ್ದಳು. ಮಾರ್ಗದರ್ಶಿಯನ್ನು ಕೇಳಿದರೆ, ಗುಂಪಿನಲ್ಲಿ ಬಂದವರಿಗೆಲ್ಲ ಇದೇ ಕಡೆ ಕೊಡುತ್ತಾರೆ ಎಂದ.

ಬೆಳಿಗ್ಗೆ ಅವಳು ಬೇಗ ಎದ್ದು ಸ್ನಾನ ಮಾಡಿ, ಹೊಸ ಕಾಟನ್ ಸೀರೆಯುಟ್ಟಳು. ನಾಷ್ಟಾ ಮಾಡುವ ಜಾಗ ಮೇಲಿನ ವರಾಂಡದಲ್ಲಿದೆ, ಅಲ್ಲಿಂದಾದರೂ ಕೆರೆ ನೋಡೋಣ ಎಂದು ನನ್ನನ್ನು ಹೊರಡಿಸಿದಳು. ಮೇಲೆ ಹತ್ತು ಹನ್ನೆರಡು ಮೇಜುಗಳಿದ್ದವು, ಎರಡರಲ್ಲಿ ಮಾತ್ರ ಜನ. ಕೆರೆಯ ಮೇಲೆ ಇನ್ನೂ ಮಂಜು. ನಾವು ಕಟಾಂಜನದ ಪಕ್ಕದ ಮೇಜಿನಲ್ಲಿ ಕೂತೆವು. ಅವಳು ಫೋಟೊ ತೆಗೆಯುತ್ತಿದ್ದಳು. ಬಿಳಿ ಕೋಟು ತೊಟ್ಟ ಒಬ್ಬ ಹಿರಿಯ ನೌಕರ ಬಂದ. ಕಿವಿಯ ಹತ್ತಿರ ಕೂದಲು ನರೆತಿತ್ತು. ಕೋಣೆಯ ನಂಬರು ಕೇಳಿದ, ಹೇಳಿದೆವು. ಬಾಗಿ, ಬಹಳ ಮೆತ್ತಗೆ, ಇಂಗ್ಲಿಷಿನಲ್ಲಿ ಹೇಳಿದ: "ಮೇಡಂ, ಗುಂಪಿನವರಿಗೆ ಕೆಳಗಿನ ಹಾಲ್‌ನಲ್ಲಿ ವ್ಯವಸ್ಥೆ ಇದೆ. ದಯವಿಟ್ಟು."

"ಇಷ್ಟೆಲ್ಲ ಖಾಲಿ ಇದೆಯಲ್ಲ? ನಾವು ಇಬ್ಬರೇ," ಎಂದಳು ಅವಳು.

"ಎಲ್ಲವೂ ಬುಕ್ ಆಗಿವೆ ಮೇಡಂ."

ಅವನು ಹಾಗೆ ಹೇಳುತ್ತಿರುವಾಗಲೇ ನಿನ್ನೆಯ ಗಂಡ ಹೆಂಡತಿ ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದರು. ಇವನು ಓಡಿಹೋಗಿ ಪಕ್ಕದ ಮೇಜಿನ ಕುರ್ಚಿ ಎಳೆದುಕೊಟ್ಟ. ಕೋಣೆಯ ನಂಬರು ಕೇಳಲಿಲ್ಲ. ಮತ್ತೆ ನಮ್ಮ ಬಳಿ ಬಂದು ಅದೇ ನಗೆಯಲ್ಲಿ ಮೆಟ್ಟಿಲ ಕಡೆ ಕೈ ಚಾಚಿದ.

ಗೆಳತಿಯ ದನಿ ಏರಿತು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಡೆಯದೆ ಮಾನ್ವಿಯ ಮಾತಿನಲ್ಲಿ. "ಅವರ್ದ ಬುಕ್ ಆಗಿತ್ತೇನು? ಅವರ ನಂಬರ್ ಕೇಳಿದೇನು? ನಾವೇನ್ ಪುಕ್ಕಟೆ ಬಂದೀವೇನ್ ಇಲ್ಲಿಗೆ?" ಉಳಿದ ಮೇಜಿನವರು ತಿರುಗಿ ನೋಡಿ ಮತ್ತೆ ತಮ್ಮ ತಟ್ಟೆಗೆ ಕಣ್ಣಿಳಿಸಿದರು. ಅವನು ಕೈ ಚಾಚಿಕೊಂಡೇ ನಿಂತಿದ್ದ. ಬೆಂಬಲಕ್ಕೆಂದು ಅವಳು ನನ್ನ ಕಡೆ ತಿರುಗಿದಳು. ನಾನು ಆಗಲೇ ಎದ್ದು, ಬ್ಯಾಗು ಹೆಗಲಿಗೇರಿಸಿ, ಮೆಟ್ಟಿಲ ಹತ್ತಿರ ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ತಿಳಿಯದು.

ಕೆಳಗಿನ ಹಾಲ್‌ನಲ್ಲಿ ನಮ್ಮವರೆಲ್ಲ ಸಾಲಾಗಿ ಕೂತು ತಿನ್ನುತ್ತಿದ್ದರು. ಕಿಟಕಿಗೆ ಅದೇ ಕಲ್ಲಿನ ಗೋಡೆ, ಅದರ ಬುಡದಲ್ಲಿ ಗ್ಯಾಸಿನ ಸಿಲಿಂಡರುಗಳು. ದೊಡ್ಡ ಬೋಗುಣಿಯಲ್ಲಿ ತಣ್ಣಗಾದ ಮೊಟ್ಟೆ, ಅಂಚು ಒಣಗಿದ ಅನಾನಸ್ ಹೋಳು. ಅವಳು ಏನೂ ಮುಟ್ಟಲಿಲ್ಲ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಆ ದಿನ ಮಧ್ಯಾಹ್ನ ಗುಂಪಿನವರು ಅಂಗಡಿ ತಿರುಗಲು ಹೋದರು. ನಾವಿಬ್ಬರು ಕೆರೆಯ ಸುತ್ತ ನಡೆದು, ದೊಡ್ಡ ಮರವೊಂದರ ಕೆಳಗಿನ ಬೆಂಚಿನಲ್ಲಿ ಕೂತೆವು. ಬೆಳಗಿನಿಂದ ಅವಳು ಸರಿಯಾಗಿ ಮಾತಾಡಿರಲಿಲ್ಲ. ಸಿಟ್ಟು ಆ ನೌಕರನ ಮೇಲೆ ಎಂದುಕೊಂಡಿದ್ದೆ. ಅರ್ಧ ನನ್ನ ಮೇಲಿತ್ತು.

"ಅಕ್ಕಾ, ನೀವ್ಯಾಕ ಎದ್ರಿ?"

"ಗೊತ್ತಿಲ್ಲ. ಅಂವ ಅಂದ, ಎದ್ದೆ."

"ನಾ ಅಲ್ಲಿ ಜಗಳಾ ಮಾಡಾಕತ್ತೀನಿ, ನೀವು ಹೋಗಿ ಮೆಟ್ಟಲದಾಗ ನಿಂತೀರಿ. ನನ್ನ ಕೈ ಕಡದಂಗ ಆತು. ಇಂಥಾದ್ದು ನನ್ನ ಜಲ್ಮದಾಗ ನೋಡಿದ್ದಿಲ್ಲ. ಕುಂತಾಕೀನ ಎಬ್ಬಸೋದಂದ್ರ ಏನರೀ!"

"ನಾ ನೋಡೀನಿ," ಎಂದೆ.

ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂತು. ಬಂದ ಮೇಲೆ ಮುಂದಿನದನ್ನೂ ಹೇಳಬೇಕಾಯಿತು.

ಆಗ ನಾನು ದೇವದುರ್ಗದಲ್ಲಿ ಏಳನೇ ಇಯತ್ತೆ. ಶಾಲೆಗೆ ಮೊದಲನೆಯವಳಾಗಿ ಪಾಸಾಗಿದ್ದೆ. ಅಪ್ಪನಿಗೆ ಕಚೇರಿಯ ಕೆಲಸ ಸಿಕ್ಕು ಒಂದೆರಡು ವರ್ಷವಾಗಿತ್ತು, ಖಾಕಿ ಅಂಗಿ ಇನ್ನೂ ಹೊಸದು. ಸಂತೆಯ ದಿನ ನನ್ನನ್ನು ಒಗ್ಗರಣಿ ಮಿರ್ಚಿ ತಿನ್ನಿಸಲು ಹೋಟೆಲಿಗೆ ಕರೆದುಕೊಂಡು ಹೋದ. ನೆನೆಸಿದ ಮಂಡಕ್ಕಿಯ ಒಗ್ಗರಣಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆ ಮೆಣಸಿನಕಾಯಿ. ಅದರ ವಾಸನೆ ದಾಟಿ ನಾನು ಎಷ್ಟೋ ಸಲ ಶಾಲೆಗೆ ಹೋಗಿದ್ದೆ, ಒಳಗೆ ಹೋಗಿರಲಿಲ್ಲ. ಅಪ್ಪ ಹೊರಗೆ ಮಾಲೀಕನೊಂದಿಗೆ ಮಾತಾಡುತ್ತ ನಿಂತ. ಮಾಲೀಕ ಒಳ್ಳೆಯವನೇ. "ಮಗಳು ಫಸ್ಟ್ ಬಂದಾಳಂತಲ್ಲೋ, ಭಾಳ ಚೊಲೊ ಆತು" ಎಂದು ನಗುತ್ತಿದ್ದ. ಒಳಗೆ ಬೆಂಚು ಖಾಲಿ ಇತ್ತು. ನಾನು ಹೋಗಿ ಕುಳಿತೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತುಬಿಡುತ್ತಿದ್ದೆ, ಅಷ್ಟಕ್ಕೆ ಮುಗಿಯುತ್ತಿತ್ತೋ ಏನೋ. ಮಾಲೀಕ ಒಳಗೆ ಬಂದು, ತನ್ನ ಮಗಳೊಂದಿಗೆ ಆಡುವಂಥ ದನಿಯಲ್ಲಿ, "ಯವ್ವಾ, ಹೊರಗ ಗಾಳಿ ಚೊಲೊ ಅದ. ಹೊರಗ ಕುಂದ್ರು ಬಾರವ್ವ" ಎಂದ. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಣ್ಣಲ್ಲೇ ಕರೆದ. ಎದ್ದು ಬಂದೆ. ಹೊರಗೆ ಕಲ್ಲಿನ ಮೇಲೆ ಕೂತು, ಕಾಗದದಲ್ಲಿ ಕೊಟ್ಟ ಒಗ್ಗರಣಿ ತಿಂದೆವು. ಗೋಡೆಯ ಗೂಡಿನಲ್ಲಿ ನಾಲ್ಕು ಗ್ಲಾಸು ಬೋರಲು ಹಾಕಿದ್ದರು, ಅವು ನಮ್ಮಂಥವರವು. ಅಪ್ಪ ಒಂದನ್ನು ತೊಳೆದುಕೊಂಡು ಚಹಾ ಹಾಕಿಸಿಕೊಂಡ. ಗಾಳಿ ನಿಜಕ್ಕೂ ಚೆನ್ನಾಗಿತ್ತು.

ಅಪ್ಪ ಮತ್ತೆಂದೂ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಆ ಮಾತನ್ನೂ ಎತ್ತಲಿಲ್ಲ. ನನಗೆ ನೌಕರಿಯಾದ ವರ್ಷ, ಒಂದು ಸಂಜೆ ಅಂಗಳದಲ್ಲಿ ಕೂತಾಗ ತಾನಾಗಿಯೇ ಹೇಳಿದ: "ಅವತ್ತು ನೀ ಎದ್ದಿದ್ದು ನಿನ್ನ ತಪ್ಪಲ್ಲವ್ವ. ನಾ ಕಣ್ಣು ಮಾಡಿದ್ದು ನನ್ನ ತಪ್ಪು." ಯಾವತ್ತು ಎಂದು ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಇಷ್ಟನ್ನು ಗೆಳತಿಗೆ ಹೇಳಿದೆ. ಇವತ್ತು ಆ ಕೋಟಿನವನ ದನಿ ಆ ಮಾಲೀಕನ ದನಿಯಷ್ಟೇ ಮೆತ್ತಗಿತ್ತು, ತಲೆ ಯೋಚಿಸುವ ಮೊದಲೇ ಕಾಲುಗಳು ಎದ್ದವು ಎಂದೂ ಹೇಳಿದೆ. ಅವಳು ನನ್ನ ಕಡೆ ತಿರುಗಿ ಕೂತಳು.

"ಆ ಹೋಟೆಲ್ ಈಗೂ ಅದ ಏನರೀ?"

"ಇಲ್ಲ. ಅಲ್ಲೀಗ ಮೊಬೈಲ್ ಅಂಗಡಿ ಅದ."

"ಇಪ್ಪತ್ತು ವರ್ಷ ಆತು ನಾವು ಜೋಡಿ ಉಣ್ಣಾಕತ್ತು. ಒಮ್ಮೆರ ಹೇಳಲಿಲ್ಲಲ್ಲ ಅಕ್ಕಾ."

"ನೀ ಕೇಳಲಿಲ್ಲ."

ದೂರಬೇಕೆಂದು ಅಂದ ಮಾತಲ್ಲ. ಆದರೆ ಆಡಿದ ಮೇಲೆ ಅದು ದೂರಿನಂತೆಯೇ ನಮ್ಮಿಬ್ಬರ ನಡುವೆ ಕೂತಿತು. ಕೋಣೆಗೆ ಮರಳುವವರೆಗೂ ಇಬ್ಬರೂ ಬೇರೆ ಏನೇನೋ ಮಾತಾಡಿದೆವು.

ಮರುದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನೊಬ್ಬಳೇ ಮೇಲೆ ಹೋದೆ. ಅದೇ ಮೇಜಿನಲ್ಲಿ ಕೂತೆ. ಧೈರ್ಯ ಬಂದಿತ್ತು ಎಂದರೆ ಸುಳ್ಳಾಗುತ್ತದೆ. ಆದರೂ ಇವತ್ತು ಏಳಬಾರದು ಎಂದು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ. ಅದೇ ನೌಕರ ಬಂದ. ಅವನು ಬಾಯಿ ತೆರೆಯುವ ಮೊದಲೇ ನಾನು ಇಂಗ್ಲಿಷಿನಲ್ಲಿ ಹೇಳಿದೆ: "ನಾನು ಇಲ್ಲಿಯೇ ಕೂರುತ್ತೇನೆ. ಯಾಕೆ ಕೂರಬಾರದು ಅಂತ ಕಾರಣ ಹೇಳಿ, ಕೇಳುತ್ತೇನೆ."

ಅವನು ಸುತ್ತ ನೋಡಿದ. ವರಾಂಡ ಖಾಲಿ ಇತ್ತು. "ಭಾರತದಿಂದ ಬರುವ ಗುಂಪುಗಳು ಗದ್ದಲ ಮಾಡುತ್ತವೆ ಅಂತ ಉಳಿದ ಅತಿಥಿಗಳು ದೂರುತ್ತಾರೆ ಮೇಡಂ. ಮೇಲಿನವರ ಅಪ್ಪಣೆ."

"ನಿನ್ನೆ ನೀವು ಏಳಿ ಅನ್ನುವ ಮೊದಲು ನಾವು ಗದ್ದಲ ಮಾಡಿದ್ದೆವಾ?"

"ಇಲ್ಲ."

ಸ್ವಲ್ಪ ತಡೆದು, ನಾನು ತಮಿಳಿನವಳಾ ಎಂದು ಕೇಳಿದ. ಅಲ್ಲ, ಕರ್ನಾಟಕ ಎಂದೆ. ತನ್ನ ಮುತ್ತಜ್ಜನ ಕಾಲದಲ್ಲಿ ತಮಿಳುನಾಡಿನಿಂದ ಚಹಾ ತೋಟಕ್ಕೆ ಕರೆತಂದ ಕುಟುಂಬ ತನ್ನದು ಎಂದ. ಅವನ ಅವ್ವ ಚಹಾ ಎಲೆ ಕಿತ್ತೇ ಅವನನ್ನು ಓದಿಸಿದ್ದಳು. ಆಮೇಲೆ ಅವನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಆ ಬಿಳಿಯರನ್ನು ಎಬ್ಬಿಸಿದರೆ ನನ್ನ ಕೆಲಸ ಹೋಗುತ್ತದೆ. ನೀವು ನೋಡಲು ನಮ್ಮವರ ಹಾಗೇ ಇದ್ದೀರಿ. ಅರ್ಥ ಮಾಡಿಕೊಳ್ಳುತ್ತೀರಿ ಅಂದುಕೊಂಡೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಅರ್ಥವೂ ಆಯಿತು, ಅದೇ ಕಷ್ಟ. ದೇವದುರ್ಗದ ಮಾಲೀಕನೂ ನಮ್ಮಪ್ಪ ಅರ್ಥ ಮಾಡಿಕೊಳ್ಳುತ್ತಾನೆ ಎಂಬ ಭರವಸೆಯಿಂದಲೇ ನಗುತ್ತಿದ್ದ. ಎಲ್ಲ ಕಡೆ ಅರ್ಥ ಮಾಡಿಕೊಳ್ಳುವ ಕೆಲಸ ಏಳುವವರ ಪಾಲಿಗೇ ಬರುತ್ತದೆ, ಕುಳಿತವರನ್ನು ಯಾರೂ ಅದಕ್ಕೆ ಕರೆಯುವುದಿಲ್ಲ. "ನಿಮ್ಮ ಕಷ್ಟ ಅರ್ಥ ಆಯಿತು. ಆದರೆ ನಾನು ಏಳುವುದಿಲ್ಲ. ದೂರು ಬರೆಯುವ ಪುಸ್ತಕ ಕೊಡಿ, ನಿಮ್ಮ ಹೆಸರು ಬರೆಯುವುದಿಲ್ಲ," ಎಂದೆ.

ದೂರಿನ ಪುಸ್ತಕ ಇರಲಿಲ್ಲ. ಅಭಿಪ್ರಾಯ ತಿಳಿಸುವ ಒಂದು ಚೀಟಿ ತಂದುಕೊಟ್ಟ. ಅದರಲ್ಲಿ ನಗುವ ಮುಖ, ಸಪ್ಪೆ ಮುಖ, ಅಳುವ ಮುಖದ ಚಿತ್ರಗಳಿದ್ದವು, ಒಂದಕ್ಕೆ ಗುರುತು ಹಾಕಬೇಕು. ನಾನು ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದೆ. ಬೆಂಚು, ನೀರಿನ ಕ್ಯಾನು, ಕೋಣೆ, ಮೇಜು, ಚಪ್ಪಲಿಯವರು. ಮಕ್ಕಳಿಗೆ ಪ್ರಯೋಗದ ವರದಿ ಬರೆಸುವಂತೆ ಕಂಡದ್ದನ್ನು ಕಂಡ ಹಾಗೆ, ಒಂದರ ಕೆಳಗೊಂದು ಬರೆದೆ.

ಬರೆದು ಮುಗಿಸುವಷ್ಟರಲ್ಲಿ ಮ್ಯಾನೇಜರು ಬಂದ. ಚಿಕ್ಕ ವಯಸ್ಸಿನವನು, ಸೂಟು, ಸೆಂಟಿನ ವಾಸನೆ. ಚೀಟಿಯನ್ನು ನಿಂತಲ್ಲೇ ಓದಿ ನೂರು ಸಲ ಕ್ಷಮೆ ಕೇಳಿದ. ತಪ್ಪು ತಿಳಿವಳಿಕೆ ಆಗಿದೆ, ಇವತ್ತು ನೀವೂ ನಿಮ್ಮ ಗೆಳತಿಯೂ ಇಲ್ಲಿಯೇ ನಮ್ಮ ವಿಶೇಷ ಅತಿಥಿಗಳಾಗಿ ನಾಷ್ಟಾ ಮಾಡಬೇಕು ಎಂದ.

"ನಮ್ಮ ಉಳಿದವರು?"

"ಗುಂಪಿಗೆ ಕೆಳಗೆ ವ್ಯವಸ್ಥೆ ಇದೆ ಮೇಡಂ."

ಅಷ್ಟರಲ್ಲಿ ನನ್ನನ್ನು ಹುಡುಕುತ್ತ ಗೆಳತಿ ಮೆಟ್ಟಿಲು ಹತ್ತಿ ಬಂದಳು. ಸಂಗತಿ ತಿಳಿದು ಅವಳ ಮುಖ ಅರಳಿತು. "ಗೆದ್ರಲ್ಲ ಅಕ್ಕಾ!" ಎಂದು ಎದುರಿನ ಕುರ್ಚಿಯಲ್ಲಿ ಕೂತಳು. ಆಗ ನಾನು ಬೇಡ ಎಂದು ಎದ್ದೆ ಎಂದು ಬರೆಯಲು ಆಸೆಯಾಗುತ್ತದೆ. ನಾನು ಏಳಲಿಲ್ಲ. ಬಿಸಿ ಬಿಸಿ ಮೊಟ್ಟೆ ಬಂತು, ಹಣ್ಣು ಬಂತು, ಒಳ್ಳೆಯ ಚಹಾ ಬಂತು. ಮಂಜು ಸರಿದು ಕೆರೆ ಕಂಡಿತು. ಬಹಳ ಚೆಂದವಿತ್ತು. ಚಹಾ ಬಗ್ಗಿಸುವಾಗ ಆ ಹಿರಿಯ ನೌಕರ ನನ್ನ ಮುಖ ನೋಡಲಿಲ್ಲ, ನಾನೂ ಅವನದು ನೋಡಲಿಲ್ಲ.

ಕೆಳಗೆ ಇಳಿದಾಗ ಹೆಡ್ ಮಾಸ್ತರು ಹಾಲ್‌ನ ಬಾಗಿಲಲ್ಲಿ ಸಿಕ್ಕರು. "ಮ್ಯಾಲೆ ಕುಂತಿದ್ರೇನಮ್ಮ? ಮೆಟ್ಟಲ ಕಡಿಂದ ಕಾಣ್ತಿದ್ರಿ. ಇರ್ಲಿ, ಇಬ್ರಿಗರ ಸಿಕ್ತಲ್ಲ," ಎಂದರು. ಕೊಂಕಿಲ್ಲದೆ, ಸಂತೋಷದಿಂದಲೇ ಅಂದರು. ಹಿಂದಿನ ದಿನ ಏಳಿ ಎಂದಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಆಗ ಆಯಿತು. ಹನ್ನೆರಡು ಜನರನ್ನು ಗೋಡೆ ನೋಡುತ್ತ ಕೂರಿಸಿ ಇಬ್ಬರನ್ನು ಮೇಲಕ್ಕೆ ಕರೆದದ್ದನ್ನು ನಾವು ಗೆಲುವು ಎಂದುಕೊಂಡಿದ್ದೆವು. ಊರಿಗೆ ಮರಳಿದ ಮೇಲೆ ಹೋಟೆಲಿನಿಂದ ಒಂದು ಇಮೇಲ್ ಬಂತು, 'ಮಾನ್ಯ ಸರ್' ಎಂದು ಶುರುವಾಗಿತ್ತು. ನಾನು ಉತ್ತರ ಬರೆಯಲಿಲ್ಲ.

ಊರಿಗೆ ಬಂದು ಒಂದು ತಿಂಗಳಾಗಿರಬಹುದು. ಫೋಟೊ ನೋಡೋಣ, ಊಟಕ್ಕೆ ಬರ್ರಿ ಎಂದು ಗೆಳತಿ ಕರೆದಳು. ಭಾನುವಾರ ಬಸ್ಸಿನಲ್ಲಿ ಮಾನ್ವಿಗೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು, ರಸ್ತೆಯ ಎರಡೂ ಬದಿ ಭತ್ತದ ನಾಟಿ ನಡೆದಿತ್ತು. ಅವಳ ಮನೆ ನನಗೆ ಹೊಸದಲ್ಲ. ವರ್ಷಕ್ಕೆ ನಾಲ್ಕೈದು ಸಲ ಹೋಗಿ ಬರುವ ಮನೆ. ಅವಳ ಅತ್ತೆಗೆ ಎಂಬತ್ತರ ಹತ್ತಿರ, ನೆಟ್ಟಗೆ ಕೂರುವ, ಕಡಿಮೆ ಮಾತಿನ ಹೆಂಗಸು. ನನ್ನನ್ನು ಯಾವತ್ತೂ ಪ್ರೀತಿಯಿಂದಲೇ ಮಾತಾಡಿಸಿದ್ದಾರೆ.

ಆ ಮನೆಯಲ್ಲಿ ಎಲ್ಲರೂ ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಾರೆ. ನನಗೆ ಮಾತ್ರ ಗುಲಾಬಿ ಹೂವಿನ ಪಿಂಗಾಣಿ ಕಪ್ಪು. ಮೊದಲ ಸಲ ಹೋದಾಗ ಅದನ್ನು ಮರ್ಯಾದೆ ಎಂದುಕೊಂಡು ಹಿಗ್ಗಿದ್ದೆ. ಎರಡನೇ ಸಲ ಕೈ ತೊಳೆಯಲು ಹಿತ್ತಲ ಬಚ್ಚಲಿಗೆ ಹೋದಾಗ ಕಿಟಕಿಯ ಕಲ್ಲಿನ ಮೇಲೆ ಆ ಕಪ್ಪು ಒಂದೇ ಬೋರಲು ಬಿದ್ದಿರುವುದು ಕಂಡಿತು. ಆಗ ತಿಳಿಯಿತು. ತಿಳಿದ ಮೇಲೂ ಇಪ್ಪತ್ತು ವರ್ಷ ಅದರಲ್ಲೇ ಕುಡಿದೆ.

ಈ ಸಲ ಗೆಳತಿ ತಾಟಿನಲ್ಲಿ ಚಹಾ ತಂದಳು. ಮೂರೂ ಸ್ಟೀಲ್ ಲೋಟ. ಒಂದನ್ನು ನನ್ನ ಕೈಗೆ ಕೊಟ್ಟಳು.

"ಟೀಚರಮ್ಮಗ ಕಪ್ಪಿನಾಗ ಕೊಡಬೇಕಿಲ್ಲೇನು?" ಎಂದರು ಅತ್ತೆ.

"ಕಪ್ಪು ಒಡದದರೀ ಅತ್ತಿ."

"ಯಾವಾಗ?"

"ಮೊನ್ನೆ. ತೊಳಿಯಾಗ ಕೈ ಜಾರ್ತು."

ಅತ್ತೆ ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ ಕೂತರು. ನಾನು ಚಹಾ ಕುಡಿದೆ. ಆಮೇಲೆ ಫೋಟೊ ನೋಡಿದೆವು, ಉಂಡೆವು.

ಸಂಜೆ ನಾಲ್ಕರ ಬಸ್ಸಿಗೆಂದು ಅವಳು ನನ್ನನ್ನು ಬಿಡಲು ಬಂದಳು. ಎರಡು ಓಣಿ ದಾಟಿದ ಮೇಲೆ, "ಕಪ್ಪು ಒಡದಿಲ್ಲ ಅಕ್ಕಾ. ಅಲಮಾರದಾಗ ಬಚ್ಚಿಟ್ಟೀನಿ," ಎಂದಳು. "ಕ್ಯಾಂಡಿಯಾಗ ಅಷ್ಟು ಒದರಾಡಿದಾಕಿ, ನನ್ನ ಮನಿಯಾಗ ಸುಳ್ಳು ಹೇಳಿದೆ ನೋಡ್ರಿ."

"ಅಲ್ಲಿ ನಾವು ಇದ್ದಿದ್ದ ಎರಡು ದಿನ. ಇಲ್ಲಿ ನೀ ದಿನಾ ಇರಬೇಕಲ್ಲ."

"ನಿಮಗ ಗೊತ್ತಿತ್ತೇನು?"

"ಹೂಂ. ಎರಡನೇ ಸಲ ಬಂದಾಗಿಂದ."

ಅವಳು ರಸ್ತೆಯಲ್ಲೇ ನಿಂತುಬಿಟ್ಟಳು. "ನನಗ ಗೊತ್ತಿತ್ತೋ ಇಲ್ಲೋ, ಖರೇ ಹೇಳಬೇಕಂದ್ರ ನನಗ ತಿಳೀವಲ್ದು. ದಿನಾ ಕಣ್ಣಿಗೆ ಬೀಳ್ತಿತ್ತು. ನಾ ನೋಡ್ತಿದ್ದಿಲ್ಲ."

ಅವಳು ಅಳುತ್ತಿರಲಿಲ್ಲ. ನಾನೂ ಸಮಾಧಾನ ಮಾಡಲಿಲ್ಲ. ಸಮಾಧಾನ ಮಾಡುವ ಅಭ್ಯಾಸ ನನಗೆ ಬಹಳ, ಅವತ್ತು ಬೇಕೆಂದೇ ತಡೆದುಕೊಂಡೆ. ಅವಳು ಹೇಳಿದ್ದು ನಿಜವಾಗಿತ್ತು, ಅದನ್ನು ಹಾಗೇ ಇರಲು ಬಿಡುವುದು ಒಳ್ಳೆಯದು ಅನಿಸಿತು. ಬಸ್ಸು ಬಂತು, ಹತ್ತಿದೆ.

ಮುಂದಿನ ವಾರವೆಲ್ಲ ಶಾಲೆಯಲ್ಲಿ ನಾವು ಎಂದಿನಂತೆ ಜೋಡಿಯೇ ಉಂಡೆವು. ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವಳು ನನ್ನನ್ನು ಮೈದಾನದ ಬೇವಿನ ಮರದ ಕಡೆ ಕರೆದುಕೊಂಡು ಹೋಗಿ, "ನಮ್ಮತ್ತೀಗೆ ಖರೇ ಹೇಳಿಬಿಟ್ಟೆ ಅಕ್ಕಾ," ಎಂದಳು.

"ಏನಂದ್ರು?"

"ಎರಡು ದಿನ ಮಾತಾಡಲಿಲ್ಲ. ನಿನ್ನೆ ಒಂದ ಮಾತು ಕೇಳಿದ್ರು. 'ಆ ಟೀಚರಮ್ಮಗ ಗೊತ್ತಿದ್ದೂ ಇಷ್ಟು ವರ್ಷ ಕುಡದಳೇನು?' ಅಂದ್ರು. ನಾ ಹೌದು ಅಂದೆ."

ಆ ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಯಾಕೆ ಕುಡಿದೆ? ಗೆಳತಿಯ ಮೇಲಿನ ಪ್ರೀತಿಗೆ, ಹೌದು. ಮುದುಕಿಯ ವಯಸ್ಸಿಗೆ, ಅದೂ ಹೌದು. ಆದರೆ ಅಷ್ಟೇ ಅಲ್ಲ. ಏಳು ಎಂದಾಗ ಏಳುವುದನ್ನು ಕಲಿತ ಹಾಗೆ, ಇಷ್ಟು ಒಳಗೆ ಬಿಟ್ಟಿದ್ದಾರಲ್ಲ ಎಂದು ಸುಮ್ಮನೆ ಕೂರುವುದನ್ನೂ ನಾನು ಕಲಿತಿದ್ದೆ. ಈ ಎರಡನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಲಿತದ್ದು.

ಮತ್ತೆ ಮಾನ್ವಿಗೆ ಹೋದದ್ದು ಎರಡು ತಿಂಗಳ ಮೇಲೆ. ಅತ್ತೆ ಪಡಸಾಲೆಯಲ್ಲೇ ಕೂತಿದ್ದರು. "ಬಾ" ಎಂದರು. ಗೆಳತಿ ಸ್ಟೀಲ್ ಲೋಟದಲ್ಲಿ ಚಹಾ ತಂದಳು, ಯಾರೂ ಏನೂ ಅನ್ನಲಿಲ್ಲ. ತಪ್ಪಾಯಿತು ಎಂಬ ಮಾತು ಅವರಿಂದ ಬರಲಿಲ್ಲ, ಬರುತ್ತದೆಂದು ನಾನು ಕಾದಿರಲೂ ಇಲ್ಲ. ಲೋಟ ಖಾಲಿಯಾದ ಮೇಲೆ, "ನಮ್ಮತ್ತಿ ಹೇಳಿದಂಗ ನಾ ಮಾಡಿದೆ. ನನ್ನ ಸೊಸಿ ನಾ ಹೇಳಿದಂಗ ಮಾಡವಲ್ಲಳು," ಎಂದರು. ಅದು ದೂರೋ, ಹೆಮ್ಮೆಯೋ ತಿಳಿಯಲಿಲ್ಲ. ಆಮೇಲೆ ಕೇಳಿದರು: "ನಿಮ್ಮವ್ವ ಅದಾಳೇನು?"

"ಅದಾಳ್ರಿ. ನನ್ನ ಕೂಡ ರಾಯಚೂರಾಗ."

"ನಮ್ಮಾಕಿ ದಿನಾ ಆಕಿ ಹಿಂಡಿ ಸುದ್ದಿ ಹೇಳ್ತಾಳ. ಒಮ್ಮೆ ಕರಕೊಂಡು ಬಾ."

ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಕಪ್ಪಿನ ಕತೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಅವಳಿಗೂ ಅದನ್ನು ಹೇಳಿರಲಿಲ್ಲ. ಅವಳು ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ ಮುದುಕಿ ಕರೆದ ವಿಷಯ ಹೇಳಿದಾಗ ಮೊರ ಕೆಳಗಿಟ್ಟಳು.

"ನಾ ಯಾಕ ಹೋಗ್ಲಿ? ನನಗೇನು ಕೆಲಸ ಅಲ್ಲಿ? ಆಕಿಗೆ ಹಿಂಡಿ ಬೇಕನಸಿದ್ರ ಆಕಿನ ಬರ್ಲಿ. ನಮ್ಮ ಮನ್ಯಾಗ ಲೋಟ ಎಲ್ಲಾ ಒಂದ ನಮೂನಿ ಅದಾವ."

ಫೋನು ಮಾಡಿ ಗೆಳತಿಗೆ ಆ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ನಕ್ಕಳು. "ತಡೀರಿ ಅಕ್ಕಾ, ನಿಮ್ಮವ್ವ ಅಂದಂಗ ನಮ್ಮತ್ತೀಗೆ ಹೇಳ್ತೀನಿ. ಏನಂತಾರ ನೋಡೂಣು," ಎಂದಳು. ಹೇಳಿಯೂ ಬಿಟ್ಟಿದ್ದಾಳೆ. ಮುದುಕಿ ಬರುತ್ತೇನೆ ಎಂದು ಇನ್ನೂ ಅಂದಿಲ್ಲವಂತೆ. ಆದರೆ ರಾಯಚೂರಿಗೆ ಹೋಗುವ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಎಂದು ಮೊನ್ನೆ ಕೇಳಿದರಂತೆ.